ಹಳೆಯ ಛಾಯಾಚಿತ್ರದಲ್ಲಿರುವ ಗ್ರಾಮಫೋನ್ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ

ನಮ್ಮ ಮುತ್ತಜ್ಜನವರು ಕುರ್ಚಿಯಲ್ಲಿ ಕುಳಿತಿರುವ, ದಪ್ಪ ರಟ್ಟಿಗೆ ಅಂಟಿಸಿದ ಛಾಯಾಚಿತ್ರವೊಂದು ನನ್ನ ಬಳಿ ಇದೆ. ಅವರ ಪಕ್ಕದ ಮೇಜಿನ ಮೇಲೆ ಒಂದು ಗ್ರಾಮಫೋನ್ ಇದೆ. ಮರದ ಚೌಕ ಪೆಟ್ಟಿಗೆ, ಅದರ ಮೇಲೊಂದು ತಟ್ಟೆ, ಎಸಳುಗಳನ್ನು ಜೋಡಿಸಿದಂತಿರುವ ದೊಡ್ಡ ಹಾರ್ನ್, ಇವಿಷ್ಟು ಸ್ಪಷ್ಟವಾಗಿ ಕಾಣುತ್ತವೆ. ಹಾರ್ನ್ ತಿಳಿ ಬಣ್ಣದ್ದೆಂದು ತೋರುತ್ತದೆ. ಕೀ ಕೊಡುವ ಹಿಡಿ ನೋಡುವವರ ಎಡಕ್ಕಿದೆ, ಮುಳ್ಳು ಕೂಡ ತಟ್ಟೆಯ ಎಡ ಅಂಚಿನ ಮೇಲೆಯೇ ಕುಳಿತಿದೆ. ಪೆಟ್ಟಿಗೆಯ ಮುಂಭಾಗದ ಅಂಡಾಕಾರದ ಗುರುತನ್ನು ಭೂತಗನ್ನಡಿ ಹಿಡಿದರೂ ಓದಲಾಗುತ್ತಿಲ್ಲ. ಮನೆಯ ಹಿರಿಯರೆಲ್ಲ ಇದನ್ನು ನಾಯಿ ಗುರುತಿನ ಯಂತ್ರವೆಂದೇ ಹೇಳುತ್ತ ಬಂದಿದ್ದಾರೆ, ಆದರೆ ಅದಕ್ಕೆ ಬೇರೆ ಆಧಾರವಿಲ್ಲ. ಯಂತ್ರ ಈಗ ಯಾರ ಬಳಿಯೂ ಇಲ್ಲ. ಈ ಒಂದು ಚಿತ್ರದಿಂದ ಅದರ ಕಾಲವನ್ನೂ ತಯಾರಕರನ್ನೂ ಎಷ್ಟರ ಮಟ್ಟಿಗೆ ತಿಳಿಯಬಹುದು?

ಮೊದಲ ಉತ್ತರ

ಎಲ್ಲರ ಕಣ್ಣೂ ಮೊದಲು ಹಾರ್ನಿನ ಮೇಲೆ ಬೀಳುತ್ತದೆ. ಆದರೆ ಗುರುತು ಹಿಡಿಯುವ ಕೆಲಸದಲ್ಲಿ ಅತಿ ಕಡಿಮೆ ನಂಬಬೇಕಾದ ಭಾಗವೂ ಅದೇ, ಏಕೆಂದರೆ ಹಾರ್ನನ್ನು ಕಳಚಿ ಬೇರೊಂದನ್ನು ಹಾಕುವುದು ಸುಲಭ. ಹಾರ್ನ್ ಯಂತ್ರವನ್ನು ಸೇರುವ ಜಾಗವನ್ನು ನೋಡಿ. ಕಾಲ ಅಲ್ಲಿ ತಿಳಿಯುತ್ತದೆ.

ನಿಮ್ಮ ಚಿತ್ರದಲ್ಲಿ ತಟ್ಟೆ ಇರುವುದರಿಂದ ಎಡಿಸನ್ನರ ಸಿಲಿಂಡರ್ ಫೋನೋಗ್ರಾಫ್ ಆಗಿರುವ ಸಾಧ್ಯತೆ ಇಲ್ಲವಾಯಿತು. ಇದು ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಪದ್ಧತಿಯ ಸಂತತಿ. ಮೊದಮೊದಲ ತಟ್ಟೆ ಯಂತ್ರಗಳಲ್ಲಿ ಹಾರ್ನಿನ ಕಿರಿಯ ತುದಿ ನೇರವಾಗಿ ಸೌಂಡ್ ಬಾಕ್ಸಿಗೆ (ಮುಳ್ಳಿನ ಕಂಪನವನ್ನು ಸದ್ದಾಗಿಸುವ ಡಬ್ಬಿಗೆ) ಸೇರಿರುತ್ತಿತ್ತು. ಪೆಟ್ಟಿಗೆಯಿಂದ ಮುಂದಕ್ಕೆ ಚಾಚಿದ ಒಂದು ತೋಳು ಹಾರ್ನನ್ನು ಹೊತ್ತಿರುತ್ತಿತ್ತು, ಮುಳ್ಳು ಒಳಕ್ಕೆ ಸರಿದಂತೆ ಹಾರ್ನೂ ಸರಿಯುತ್ತಿತ್ತು. ಗ್ರಾಮಫೋನ್ ಕಂಪನಿ 1899ರಲ್ಲಿ ಫ್ರಾನ್ಸಿಸ್ ಬರಾಡ್ ಅವರಿಂದ ಕೊಂಡ, ಮುಂದೆ ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್) ಗುರುತಾದ ಚಿತ್ರದಲ್ಲಿ ನಾಯಿಯ ಎದುರಿಗಿರುವುದು ಇಂಥದೇ ಯಂತ್ರ. 1903ರ ಸುಮಾರಿಗೆ ಎಲ್ಡ್ರಿಜ್ ಜಾನ್ಸನ್ ಅವರ ವಿಕ್ಟರ್ ಕಂಪನಿ ತುದಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುವ ಟೋನ್ ಆರ್ಮ್ (ಸೌಂಡ್ ಬಾಕ್ಸಿನಿಂದ ಹಾರ್ನಿಗೆ ಸದ್ದು ಒಯ್ಯುವ ಟೊಳ್ಳು ತೋಳು) ತಂದ ಮೇಲೆ, ಹಾರ್ನಿನ ಭಾರವೆಲ್ಲ ಪೆಟ್ಟಿಗೆಯ ಹಿಂದಿನ ಕಬ್ಬಿಣದ ಆಧಾರದ ಮೇಲೆ ಬಿತ್ತು, ತಟ್ಟೆಯ ಮೇಲೆ ಓಡಾಡುವುದು ಟೋನ್ ಆರ್ಮ್ ಮಾತ್ರವಾಯಿತು. ನಿಮ್ಮ ಚಿತ್ರದಲ್ಲಿ ಹಾರ್ನಿನ ಬುಡ ಪೆಟ್ಟಿಗೆಯ ಮುಂದಿದೆಯೇ, ಹಿಂದಿದೆಯೇ?

ಎರಡನೆಯ ಉತ್ತರ

ಅದಕ್ಕೂ ಮೊದಲು ಇನ್ನೊಂದು ವಿಷಯ ಇತ್ಯರ್ಥವಾಗಬೇಕು: ಚಿತ್ರ ಎಡಬಲ ತಿರುಗಿ ಮುದ್ರಣವಾಗಿರುವಂತಿದೆ. ಗ್ರಾಮಫೋನಿನ ತಟ್ಟೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದರಿಂದ, ಹಿಂದಿನಿಂದ ಬರುವ ಟೋನ್ ಆರ್ಮ್ ತಟ್ಟೆಯ ಬಲಭಾಗದ ಮೇಲೆ ಕುಳಿತರೆ ಮಾತ್ರ ತಟ್ಟೆ ಮುಳ್ಳನ್ನು ಎಳೆದುಕೊಂಡು ಹೋಗುತ್ತದೆ; ಎಡಭಾಗದಲ್ಲಿ ಕುಳಿತರೆ ಮುಳ್ಳು ತಟ್ಟೆಗೆ ಎದುರಾಗಿ ಚುಚ್ಚಿ ನಿಲ್ಲುತ್ತದೆ. ಕೀ ಕೊಡುವ ಹಿಡಿಯೂ ಸಾಮಾನ್ಯವಾಗಿ ಬಲಬದಿಯಲ್ಲಿಯೇ ಇರುತ್ತದೆ. ಎರಡೂ ಎಡಕ್ಕೆ ಕಾಣುತ್ತಿವೆಯೆಂದರೆ ನೆಗೆಟಿವನ್ನು ಮಗುಚಿ ಹಾಕಿ ಪ್ರತಿ ತೆಗೆದಿರಬೇಕು. ಮುತ್ತಜ್ಜನವರು ಕೋಟು ತೊಟ್ಟಿದ್ದರೆ ಎದೆಯ ಜೇಬು ಅವರ ಎಡಕ್ಕಿರಬೇಕು, ಎಡ ಸೆರಗು ಬಲ ಸೆರಗಿನ ಮೇಲೆ ಬಂದಿರಬೇಕು, ಅದನ್ನೂ ಪರೀಕ್ಷಿಸಿ. ಇದನ್ನು ಸರಿಪಡಿಸದೆ ಗುರುತಿನ ಅಕ್ಷರಗಳನ್ನು ಓದಲು ಹೊರಡುವುದು ವ್ಯರ್ಥ ಶ್ರಮ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಇದೆ; ಕೋಟಿನ ಜೇಬು ಅವರ ಬಲಕ್ಕೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗುಚಿ ನೋಡಿದೆ. ಹಾರ್ನಿನ ಬುಡ ಪೆಟ್ಟಿಗೆಯ ಹಿಂದೆ ಬಾಗಿದ ಲೋಹದ ಆಧಾರವನ್ನು ಸೇರುತ್ತದೆ, ಅಲ್ಲಿಂದ ಮುಂದಕ್ಕೆ ಸಣ್ಣದಾಗುತ್ತ ಬರುವ ಟೋನ್ ಆರ್ಮ್ ಕಾಣುತ್ತದೆ. ಗುರುತು ಮಾತ್ರ ಇನ್ನೂ ಮಸುಕಾಗಿಯೇ ಇದೆ. ಹಾರ್ನ್ ಹಿತ್ತಾಳೆಯದೆಂದು ಬರೆದುಕೊಳ್ಳಬಹುದೇ? ಯಂತ್ರದ ಅಳತೆ ತಿಳಿಯುವ ದಾರಿ ಇದೆಯೇ?

ಮೂರನೆಯ ಉತ್ತರ

ಹಿತ್ತಾಳೆಯೆಂದು ದಯವಿಟ್ಟು ಬರೆಯಬೇಡಿ. ಆ ಕಾಲದ ಬಹುತೇಕ ನೆಗೆಟಿವ್‌ಗಳು ನೀಲಿ ಬೆಳಕಿಗೆ ಹೆಚ್ಚು, ಕೆಂಪಿಗೆ ತೀರ ಕಡಿಮೆ ಸ್ಪಂದಿಸುತ್ತಿದ್ದವು. ಆದ್ದರಿಂದ ನೀಲಿ ಬಣ್ಣ ಬಳಿದ ತಗಡಿನ ಹಾರ್ನ್ ತಿಳಿಯಾಗಿಯೂ ಕೆಂಪು ಹಾರ್ನ್ ಕಪ್ಪಾಗಿಯೂ ಬೀಳುತ್ತಿತ್ತು. ಎಸಳುಗಳ ಸಂಖ್ಯೆ, ಅವುಗಳ ನಡುವಿನ ಏಣು, ಅಂಚಿನ ಆಕಾರ, ಇವು ಬಣ್ಣಕ್ಕಿಂತ ಎಷ್ಟೋ ಮೇಲಾದ ಸಾಕ್ಷಿಗಳು.

ಅಳತೆಗೆ ತಟ್ಟೆಯೇ ದಾರಿ. ಅಂದು ಹೆಚ್ಚು ಚಲಾವಣೆಯಲ್ಲಿದ್ದ ತಟ್ಟೆಗಳು 10 ಮತ್ತು 12 ಅಂಗುಲದವು. ಇನ್ನೂ ಹಿಂದಿನವು 7 ಅಂಗುಲದವು. ಚಿತ್ರದಲ್ಲಿ ತಟ್ಟೆ ಚಪ್ಪಟೆ ಅಂಡಾಕಾರವಾಗಿ ಕಂಡರೂ ಅದರ ಉದ್ದನೆಯ ಅಡ್ಡಳತೆ ಕುಗ್ಗಿರುವುದಿಲ್ಲ. ಅದನ್ನು 10 ಅಂಗುಲವೆಂದು ಒಮ್ಮೆ, 12 ಎಂದು ಇನ್ನೊಮ್ಮೆ ಇಟ್ಟುಕೊಂಡು ಪೆಟ್ಟಿಗೆಯ ಅಗಲ ಲೆಕ್ಕ ಹಾಕಿ. ಪೆಟ್ಟಿಗೆಯ ಮುಂಭಾಗ ಕ್ಯಾಮೆರಾಕ್ಕೆ ತಟ್ಟೆಗಿಂತ ಹತ್ತಿರವಿರುವುದರಿಂದ ನಿಜವಾದ ಅಗಲ ಬಂದ ಉತ್ತರಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಆ ಅಳತೆಯನ್ನು ಹಳೆಯ ಕ್ಯಾಟಲಾಗುಗಳ ಚಿತ್ರಗಳೊಂದಿಗೆ ಹೋಲಿಸುವಾಗ ಪೆಟ್ಟಿಗೆಯ ಮೂಲೆಯ ಕಂಬಗಳು, ಬುಡದ ಪಟ್ಟಿಯ ಕೆತ್ತನೆ, ಹಿಂದಿನ ಆಧಾರದ ಬಾಗು, ಈ ಮೂರೂ ಹೊಂದಿದರೆ ಮಾತ್ರ ಮಾದರಿಯ ಹೆಸರು ಹೇಳಿ. ವಿಕ್ಟರ್, ಗ್ರಾಮಫೋನ್ ಕಂಪನಿ, ಕೊಲಂಬಿಯಾ, ಜೋನೋಫೋನ್ ಯಂತ್ರಗಳು ದೂರದಿಂದ ಒಂದನ್ನೊಂದು ಬಹಳ ಹೋಲುತ್ತವೆ. ಮನೆಯವರ ನಾಯಿ ಗುರುತಿನ ಮಾತು ತಟ್ಟೆಯ ಲೇಬಲ್ಲಿನಿಂದ ಹುಟ್ಟಿದ್ದೂ ಆಗಿರಬಹುದು. ಒಂದು ಕಂಪನಿಯ ಯಂತ್ರದಲ್ಲಿ ಇನ್ನೊಂದು ಕಂಪನಿಯ ತಟ್ಟೆ ನುಡಿಸಲು ಅಡ್ಡಿಯಿರಲಿಲ್ಲ.

ಮೂಲ ಪ್ರತಿಯನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಗುರುತಿನ ಭಾಗವನ್ನಷ್ಟೇ ಕತ್ತರಿಸಿ ಇಲ್ಲಿ ಹಾಕಿ. ಚಿತ್ರವನ್ನು ತಾನಾಗಿ ಸ್ಪಷ್ಟಗೊಳಿಸುವ ತಂತ್ರಾಂಶಗಳನ್ನು ಬಳಸಬೇಡಿ, ಅವು ಇಲ್ಲದ ಅಕ್ಷರಗಳನ್ನು ತಾವೇ ರಚಿಸಿಬಿಡುತ್ತವೆ. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ತೋರಿಸಿ. ಛಾಯಾಗ್ರಾಹಕರು ಗ್ರಾಮಫೋನನ್ನು ಅಲಂಕಾರಕ್ಕಾಗಿ ಸ್ಟುಡಿಯೋದಲ್ಲಿ ಇಟ್ಟುಕೊಳ್ಳುವುದೂ ಇತ್ತು. ಯಂತ್ರ ನಿಮ್ಮ ಮನೆಯದೇ ಎಂಬುದು ಬೇರೆಯಾಗಿ ಸಾಬೀತಾಗಬೇಕು. ಸದ್ಯಕ್ಕೆ ‘ಸುಮಾರು 1903ರ ನಂತರದ, ಹಿಂಬದಿಯ ಆಧಾರಕ್ಕೆ ಹಾರ್ನ್ ಜೋಡಿಸಿದ ತಟ್ಟೆಯ ಗ್ರಾಮಫೋನ್, ತಯಾರಕರು ತಿಳಿದಿಲ್ಲ’ ಎಂದು ಬರೆದಿಡಿ.