ಕಾಡುಹಂದಿ ಈಡಿಗೆ (ಗುಂಡು ಹೊಡೆಯಲು) ಪಂಚಾಯತ್ ಅನುಮತಿ ಆಗಿದೆ: ಕಾದು ಕೂರುವುದೋ, ಸೋವುವುದೋ (ಎಬ್ಬಿಸಿ ಓಡಿಸುವುದೋ)? ಯಾವ ತಿಂಗಳು ಒಳ್ಳೆಯದು?

ಪೆರ್ಲದ ಕೃಷಿಕ:

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆ ಅಡಿಕೆ ತೋಟ. ಕೆಳಗೆ ಬೈಲಿನಲ್ಲಿ ಸ್ವಲ್ಪ ಗದ್ದೆ, ಬದಿಯಲ್ಲಿ ಬಾಳೆ, ಮರಗೆಣಸು, ಸುವರ್ಣಗೆಡ್ಡೆ. ಮೇಲಿನ ಗುಡ್ಡೆ ಪಕ್ಕದವರ ಹಳೆ ಗೇರು ತೋಟ, ಕೆಲಸವಿಲ್ಲದೆ ಪೂರ್ತಿ ಬಲ್ಲೆ (ಪೊದೆ) ಬೆಳೆದಿದೆ. ಹಂದಿಗಳು ಅಲ್ಲಿಂದಲೇ ಇಳಿಯುತ್ತವೆ, ಜಾಡು ಸ್ಪಷ್ಟವಾಗಿ ಕಾಣುತ್ತದೆ. ಪಂಚಾಯತ್‌ಗೆ ಅರ್ಜಿ ಕೊಟ್ಟು ಅನುಮತಿ ಸಿಕ್ಕಿದೆ, ಪಟ್ಟಿಯಲ್ಲಿರುವ ಶೂಟರ್ ಒಬ್ಬರು ಬರಲು ಒಪ್ಪಿದ್ದಾರೆ. ಅವರ ಹತ್ತಿರ ಇರುವುದು 12 ಬೋರ್ ಜೋಡಿ ನಳಿಗೆ ಕೋವಿ.

ನಾಲ್ಕು ಜನ ನಾಲ್ಕು ರೀತಿ ಹೇಳುತ್ತಾರೆ. ನಾಯಿ ಬಿಟ್ಟು ಹಗಲು ಸೋವಿ ಅಂತ ಕೆಲವರು, ರಾತ್ರಿ ಮರ ಹತ್ತಿ ಕೂರಿ ಅಂತ ಕೆಲವರು. ಗೊತ್ತಿದ್ದವರು ಕ್ರಮ ಹೇಳಿ. ಯಾವ ತಿಂಗಳು, ಎಲ್ಲಿ ಕೂರಿಸುವುದು, ಹಿಂಡು ಬಂದರೆ ಯಾವುದಕ್ಕೆ ಹೊಡೆಯುವುದು? ಪುತ್ತೂರಿನ ಭಾವನ ಹತ್ತಿರವೂ ಲೈಸನ್ಸ್ ಇರುವ ಕೋವಿ ಇದೆ, ಅವರನ್ನೂ ಕರೆಸಬಹುದೇ?

ಅಡೂರು ಈಡುಗಾರ:

ಒಂದೇ ಕೋವಿ ಇದ್ದರೆ ಸೋವುವ ಮಾತೇ ಬೇಡ. ಸೋವು ಬೇಟೆಗೆ ಬಲ್ಲೆಯ ಹೊರಗೆ ಹಂದಿ ಹೊರಬೀಳುವ ಗಂಡಿ ಗಂಡಿಗೆ ಕೋವಿ ನಿಲ್ಲಬೇಕು, ಪ್ರತಿಯೊಬ್ಬರೂ ಯಾವ ದಿಕ್ಕಿಗೆ ಮಾತ್ರ ಹೊಡೆಯಬಹುದು ಎಂದು ಮೊದಲೇ ತೀರ್ಮಾನವಾಗಿರಬೇಕು, ಸೋವುವವರು ಇರುವ ಒಳದಿಕ್ಕಿಗೆ ಯಾರೂ ನಳಿಗೆ ತಿರುಗಿಸಬಾರದು. ಪಳಗಿದ ತಂಡ ಇಲ್ಲದೆ ಮಾಡಿದರೆ ಮನುಷ್ಯರಿಗೇ ಈಡು ಬೀಳುತ್ತದೆ. ಓಡುವ ಹಂದಿಗೆ ಹೊಡೆದರೆ ಬಹುಪಾಲು ಹಿಂಗಾಲಿಗೋ ಹೊಟ್ಟೆಗೋ ತಗಲುತ್ತದೆ. ಹಿಂಡು ಚದುರಿ ಇನ್ನೂ ನಾಲ್ಕು ತೋಟಕ್ಕೆ ನುಗ್ಗುತ್ತದೆ. ನಿಮ್ಮ ಜಾಗಕ್ಕೆ ಕಾದು ಕೂರುವುದೇ ಸರಿ.

ಕೂರುವ ಜಾಗ ಗಾಳಿಯ ಮೇಲೆ ಹೋಗುತ್ತದೆ. ಹಂದಿಗೆ ಕಣ್ಣು ಮಂದ, ಮೂಗು ಬಹಳ ಚುರುಕು. ಸಂಜೆವರೆಗೆ ನಮ್ಮಲ್ಲಿ ಕಡಲ ಕಡೆಯ ಗಾಳಿ, ಪಡುವಣದಿಂದ ಮೂಡಣಕ್ಕೆ. ಕತ್ತಲಾಗಿ ನೆಲ ತಣಿದ ಮೇಲೆ ತಂಪು ಗಾಳಿ ಗುಡ್ಡೆಯಿಂದ ಬೈಲಿಗೆ ಇಳಿಯುತ್ತದೆ. ಹಂದಿಯೂ ಮೇಲಿನಿಂದಲೇ ಬರುವುದರಿಂದ, ಜಾಡಿಗಿಂತ ಕೆಳಗೆ ಸ್ವಲ್ಪ ಬದಿಗೆ ಕೂತರೆ ನಿಮ್ಮ ವಾಸನೆ ಬೈಲಿನತ್ತ ಹೋಗುತ್ತದೆ. ಗುಡ್ಡೆಯ ಬದಿ ಕೂತರೆ ಹಂದಿ ಬರುವ ದಾರಿಗೇ ವಾಸನೆ ಕಳಿಸಿದ ಹಾಗೆ. ಆರೂವರೆಗೆ ಕೂತಾಗ ಸರಿಯಿದ್ದ ಜಾಗ ಎಂಟು ಗಂಟೆಗೆ ಕೆಡುವುದೂ ಇದೆ, ಆಗಾಗ ಒಂದು ಚಿಟಿಕೆ ಬೂದಿ ಹಾರಿಸಿ ನೋಡಿ. ಬೀಡಿ, ಸೊಳ್ಳೆ ಬತ್ತಿ, ಮೈಗೆ ಹಚ್ಚುವ ಎಣ್ಣೆ ಯಾವುದೂ ಬೇಡ.

ಅಟ್ಟಣಿಗೆ 8ರಿಂದ 10 ಅಡಿ ಎತ್ತರ ಸಾಕು. ಅಡಿಕೆ ಮರಕ್ಕೆ ಕಟ್ಟಬೇಡಿ, ತೂಗುತ್ತದೆ. ಹಲಸು, ಮಾವು ಅಥವಾ ಕಬ್ಬಿಣದ ಏಣಿ ಆಗಬಹುದು. ಎತ್ತರದ ದೊಡ್ಡ ಲಾಭ ವಾಸನೆಯದ್ದಲ್ಲ, ಈಡು ಕೆಳಮುಖವಾಗಿ ಮಣ್ಣಿಗೆ ಹೋಗುತ್ತದೆ. ಅದೂ ಮೆತ್ತನೆ ಮಣ್ಣಿಗೆ ಹೋಗಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ದರೆಗೋ ಪಾರೆಗೋ ತಾಗಿದರೆ ಚಿಲ್ಲು (ತೋಟಾದೊಳಗಿನ ಗುಂಡು) ಪುಟಿದು ಎತ್ತ ಹೋಗುತ್ತದೆಂದು ಹೇಳಲಾಗದು. ಗುರಿಯ ಹಿಂದೆ ಮನೆ, ದನದ ಕೊಟ್ಟಿಗೆ, ರಸ್ತೆ ಇರುವ ದಿಕ್ಕನ್ನು ಹಗಲಲ್ಲೇ ನೋಡಿ, ಆ ಕಡೆಗೆ ಅಡ್ಡವಾಗಿ ಒಂದು ಬಿದಿರು ಕಟ್ಟಿಬಿಡಿ. ಕತ್ತಲಲ್ಲಿ ನಳಿಗೆ ಅದಕ್ಕೆ ತಾಗಿದರೆ ಅಲ್ಲಿಗೇ ನಿಲ್ಲುತ್ತದೆ.

ದೂರದ ಲೆಕ್ಕಕ್ಕೆ ಅಡಿಕೆ ಸಾಲೇ ಸಾಕು. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ 9 ಅಂತರ ಅಂದರೆ ಸುಮಾರು 24 ಮೀಟರ್. ಎಲ್‌ಜಿ (ದೊಡ್ಡ ಚಿಲ್ಲಿನ) ತೋಟಾಕ್ಕೆ ಅದೇ ಗಡಿ. ಅದರಲ್ಲಿರುವುದು 6 ಚಿಲ್ಲು ಅಷ್ಟೇ, 40 ಮೀಟರಿಗೆ ಹೋಗುವಾಗ ಹರಡಿ ಒಂದೋ ಎರಡೋ ತಾಗಿದರೆ ಪುಣ್ಯ. ಹಂದಿ ಬೀಳುವುದಿಲ್ಲ, ಬಲ್ಲೆಯೊಳಗೆ ಹೋಗಿ ನರಳಿ ಸಾಯುತ್ತದೆ. ನಡುವೆ ಅಡಿಕೆ ಕಾಂಡ ಸಿಕ್ಕಿದರೆ ಅದೂ ಇಲ್ಲ. 9ನೇ ಮರಕ್ಕೆ ಒಂದು ಬಿಳಿ ಬಟ್ಟೆ ಕಟ್ಟಿ, ಅದರಾಚೆ ಇರುವುದು ಎಷ್ಟು ದೊಡ್ಡದಾದರೂ ಬಿಡಿ.

ಗುರಿ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಪಾಲಿಗೆ. ಹಂದಿಯ ಗುಂಡಿಗೆ ತುಂಬ ಕೆಳಗೆ ಇರುವುದು. ಬೆನ್ನಿನ ಕೂದಲು ಎದ್ದು ನಿಂತಾಗ ರಾತ್ರಿ ನೆರಳಿನಲ್ಲಿ ಮೈ ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ, ಅದರ ನಡುವಿಗೆ ಗುರಿ ಇಟ್ಟರೆ ಈಡು ಮೇಲೆ ಹೋಗುತ್ತದೆ. ರಾತ್ರಿ ಈಡು ತಪ್ಪುವುದು ಹೆಚ್ಚಾಗಿ ಹೀಗೇ. ದೊಡ್ಡ ಗಂಡು ಹಂದಿಗೆ ಹೆಗಲ ಮೇಲೆ ಗಟ್ಟಿ ಚರ್ಮದ ಗುರಾಣಿ ಇರುತ್ತದೆ, ಎದುರಿನಿಂದ ಹೊಡೆಯುವುದು ದಂಡ. ಅಡ್ಡ ತಿರುಗುವವರೆಗೆ ಕಾಯಬೇಕು.

ಟಾರ್ಚಿಗೆ ಕೆಂಪು ಗಾಜು ಹಾಕಿ. ಬೆಳಕನ್ನು ಮೊದಲು ನೆಲಕ್ಕೆ ಬಿಟ್ಟು ನಿಧಾನ ಎತ್ತಿ, ನೇರ ಮುಖಕ್ಕೆ ಬೇಡ. ಮೈ ಪೂರ್ತಿ ಕಂಡ ಮೇಲೆಯೇ ಬೆರಳು ಟ್ರಿಗರ್‌ಗೆ ಹೋಗಬೇಕು. ಮುಳ್ಳುಹಂದಿ, ಬರಿಂಕ (ಪುಟ್ಟ ಜಿಂಕೆಯಂಥ ಪ್ರಾಣಿ), ಕಾಡುಕುರಿ, ಹಗ್ಗ ಬಿಚ್ಚಿಕೊಂಡ ದನ, ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಅನುಮತಿ ಇರುವುದು ಹಂದಿಗೆ ಮಾತ್ರ.

ಬಾಯಾರು ಬೇಲಿ:

ಈಡಿನ ವಿಷಯ ಮೇಲಿನವರು ಹೇಳಿದ್ದಾರೆ. ತಿಂಗಳ ಬಗ್ಗೆ ನನ್ನದು.

ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್) ಪೈರು ಹಾಲು ಕಟ್ಟುವಾಗ ಹಂದಿ ಗದ್ದೆಗೆ ಬಂದೇ ಬರುತ್ತದೆ, ಎಲ್ಲರೂ ಶೂಟರ್‌ನ ಕರೆಯುವುದೂ ಆಗಲೇ. ಆದರೆ ಮಳೆಯಲ್ಲಿ ಕಾಲಸದ್ದು ಕೇಳುವುದಿಲ್ಲ, ಈಡು ತಾಗಿದ ಹಂದಿಯ ರಕ್ತದ ಜಾಡು ಹತ್ತು ನಿಮಿಷದಲ್ಲಿ ತೊಳೆದುಹೋಗುತ್ತದೆ, ಬಲ್ಲೆ ಎದೆಯೆತ್ತರ. ಸಂಖ್ಯೆ ಇಳಿಸಬೇಕಾದರೆ ಫೆಬ್ರವರಿಯಿಂದ ಮೇ ತಿಂಗಳು. ಗುಡ್ಡೆ ಒಣಗಿ ನೀರು ಬೈಲಿನಲ್ಲಿ ಮಾತ್ರ ಇರುತ್ತದೆ, ಕೆಸರಿಗೆ ಹೊರಳಲು ಒಂದೇ ಜಾಗಕ್ಕೆ ಬರುತ್ತವೆ. ತರಗೆಲೆ ಮೇಲೆ ನಡೆದರೆ ದೂರದಿಂದಲೇ ಸದ್ದು. ಮಾರ್ಚ್‌ನಿಂದ ಗೇರುಹಣ್ಣು, ಮೇ ತಿಂಗಳಲ್ಲಿ ಬಿದ್ದ ಹಲಸು. ಹಲಸಿನ ಮರ ಇದ್ದರೆ ಆಮಿಷ ಬೇರೆ ಹುಡುಕುವುದು ಬೇಡ. ಉಳಿದ ಮರಗಳಡಿ ಬಿದ್ದ ಹಣ್ಣನ್ನು ದಿನಾ ಹೆಕ್ಕಿ ತೆಗೆದರೆ ಆ ಒಂದೇ ಮರಕ್ಕೆ ಬರುತ್ತವೆ. ಮಳೆ ಹಿಡಿದ ಮೇಲೆ ಎರೆಹುಳಕ್ಕಾಗಿ ಅಡಿಕೆ ಬುಡ ಅಗೆಯುವುದು ಶುರುವಾಗುತ್ತದೆ, ಆಗ ಬೇಲಿಯೇ ಗತಿ.

ಯಾವುದಕ್ಕೆ ಹೊಡೆಯುವುದು ಅಂತ ಕೇಳಿದಿರಿ. ಜನಕ್ಕೆ ಒಂಟಿ ಗಂಡಿನ ಮೇಲೇ ಕಣ್ಣು. ಕೋರೆ ದೊಡ್ಡದು, ಫೋಟೋ ಚೆನ್ನಾಗಿ ಬರುತ್ತದೆ. ಅದನ್ನು ತೆಗೆದರೆ ಸಂತತಿಗೆ ಏನೂ ಆಗುವುದಿಲ್ಲ, ಇನ್ನೊಂದು ಗಂಡು ಬರುತ್ತದೆ. ಹೆಣ್ಣು ಸುಮಾರು 115 ದಿನದ ಗಬ್ಬಕ್ಕೆ 4ರಿಂದ 6 ಮರಿ ಹಾಕುತ್ತದೆ, ಮೇವು ಚೆನ್ನಾಗಿದ್ದರೆ ವರ್ಷ ತುಂಬುವ ಹೊತ್ತಿಗೆ ಆ ಮರಿಗಳೂ ಗಬ್ಬಕ್ಕೆ ತಯಾರು. ಅಪರೂಪಕ್ಕೆ ಒಂದು ಹೊಡೆದು ಸಂಖ್ಯೆ ಇಳಿಯಲಿ ಅಂದರೆ ಎಲ್ಲಿಂದ ಇಳಿಯಬೇಕು? ಹಿಂಡಿನಲ್ಲಿ ಮರಿಯ ಮೈಮೇಲಿನ ಪಟ್ಟೆ ಹೋಗಿ, ತಾಯಿಗಿಂತ ಸಣ್ಣದಾಗಿ ಕಾಣುವ ಪ್ರಾಯದವನ್ನು ಆರಿಸಿ, ಅದರಲ್ಲೂ ಹೆಣ್ಣು ಸಿಕ್ಕಿದರೆ ಒಳ್ಳೆಯದು. ಮುಂದೆ ನಡೆಯುವ ಮುದಿ ಹೆಣ್ಣನ್ನು ಬಿಡಿ. ಅದು ಸತ್ತರೆ ಹಿಂಡು ಒಡೆದು ಬೇರೆ ಬೇರೆ ಕಡೆ ನೆಲೆ ಮಾಡುತ್ತದೆ. ಮೊಲೆ ಜೋತ ತಾಯಿಯನ್ನೂ ಬಿಡಿ, ಮರಿಗಳು ಬಲ್ಲೆಯಲ್ಲಿ ಹಸಿದು ಸಾಯುತ್ತವೆ.

ಅಡೂರು ಈಡುಗಾರ:

ಪ್ರಾಯದವನ್ನು ಆರಿಸುವುದು ಸರಿ. ಆದರೆ ರಾತ್ರಿ ಟಾರ್ಚಿನಲ್ಲಿ ಗಂಡು ಹೆಣ್ಣು ನೋಡಿ ಹೊಡೆಯುವುದು ಪುಸ್ತಕದ ಮಾತು. ಗಾತ್ರ ನೋಡಿ, ಹಿಂದಿನ ಸಾಲಿನದ್ದಕ್ಕೆ ಹೊಡೆಯಿರಿ, ಅಷ್ಟೇ ಆಗುವುದು.

ಮುಳ್ಳೇರಿಯ ವಕೀಲ:

ಭಾವನ ಕೋವಿ ಬೇಡ. ನಿಮ್ಮ ಅನುಮತಿ ನಡೆಯುವುದು ನಿಮ್ಮ ಪಂಚಾಯತ್ ಗಡಿಯೊಳಗೆ, ಕಾಡಿನ ಹೊರಗೆ, ಅದರಲ್ಲಿ ಹೆಸರಿರುವ ಶೂಟರ್‌ಗೆ ಮಾತ್ರ. ಕರ್ನಾಟಕದ ಲೈಸನ್ಸ್ ಇದ್ದ ಮಾತ್ರಕ್ಕೆ ಇಲ್ಲಿ ಬಂದು ಹೊಡೆದರೆ ವನ್ಯಜೀವಿ ಕೇಸು ಬೇರೆ, ಆಯುಧ ಕೇಸು ಬೇರೆ. ಕೊಡಗಿನವರಿಗೆ ಕೋವಿ ಲೈಸನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ.

1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಗೆ ಸೀಸನ್ ಎಂಬುದೇ ಇಲ್ಲ. ತಿದ್ದುಪಡಿಯ ನಂತರ, 2023ರ ಏಪ್ರಿಲ್ 1ರಿಂದ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಕೇರಳದಲ್ಲಿ 2022ರ ಮೇ ತಿಂಗಳ ತೀರ್ಮಾನದಂತೆ ಪಂಚಾಯತ್ ಅಧ್ಯಕ್ಷರು ಗೌರವ ವನ್ಯಜೀವಿ ವಾರ್ಡನ್, ಬೆಳೆಗೋ ಜೀವಕ್ಕೋ ಅಪಾಯ ತರುವ ಹಂದಿಯನ್ನು ಕೊಲ್ಲಿಸಲು ಅವರ ಮಟ್ಟದಲ್ಲೇ ಅನುಮತಿ ಆಗುತ್ತದೆ. ವಿಷ, ತೋಟೆ (ಸಿಡಿಮದ್ದು), ಕರೆಂಟು ಈ ಮೂರೂ ನಿಷಿದ್ಧ. ಉರುಳು ಇಡುವುದೂ ಅಪರಾಧವೇ, ಅದರಲ್ಲಿ ಚಿರತೆ ಸಿಕ್ಕಿಬಿದ್ದರೆ ಜಾಗದವರಿಗೆ ಜಾಮೀನು ಸಿಗುವುದೂ ಕಷ್ಟ. ಕರೆಂಟಿನ ಕಥೆ ಗೊತ್ತೇ ಇದೆ, 2025ರ ಜೂನ್‌ನಲ್ಲಿ ನಿಲಂಬೂರು ಕಡೆ ಹಂದಿಗೆಂದು ಎಳೆದ ತಂತಿಗೆ ಸಿಕ್ಕಿ 10ನೇ ತರಗತಿಯ ಹುಡುಗ ತೀರಿಹೋದ.

ಮಂಗನಿಗೂ ನವಿಲಿಗೂ ಇದೇ ಅನುಮತಿಯಲ್ಲಿ ಒಂದು ಈಡು ಅಂತ ಶೂಟರ್‌ನ ಕೇಳಬೇಡಿ. ಎರಡೂ 1ನೇ ಅನುಸೂಚಿ, ಹೆಚ್ಚು ರಕ್ಷಣೆ ಇರುವವು.

ಗೇರು ಗುಡ್ಡೆ ನಿಜವಾಗಿ ಪಕ್ಕದವರ ಪಟ್ಟಾ ಜಾಗವೇ ಎಂದು ಖಚಿತ ಮಾಡಿಕೊಳ್ಳಿ. ತಾಗಿದ ಹಂದಿ ರಿಸರ್ವ್ ಕಾಡಿನೊಳಗೆ ಹೋದರೆ ಶೂಟರ್ ಹಿಂದೆ ಹೋಗುವ ಹಾಗಿಲ್ಲ, ಫಾರೆಸ್ಟಿನವರಿಗೆ ಫೋನ್ ಮಾಡಬೇಕು. ಇನ್ನೊಂದು, ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ ಹೋಗುತ್ತದೆ, ವಾಪಸ್ ಬರುವಾಗ ನಿಮ್ಮ ಕಾಲ ದಾಟಿರಬಹುದು. ತಡ ಮಾಡಬೇಡಿ.

ಪೆರ್ಲದ ಕೃಷಿಕ:

ಎಲ್ಲರಿಗೂ ಧನ್ಯವಾದ. ಭಾವನಿಗೆ ಬೇಡ ಅಂತ ಹೇಳಿದೆ. ಎರಡು ಸಂಶಯ. ತಾಗಿ ಓಡಿಹೋದರೆ ಕೂಡಲೇ ಹುಡುಕುವುದೋ, ಬೆಳಗ್ಗೆಯೋ? ಬಿದ್ದದ್ದನ್ನು ಗುಡ್ಡೆಯ ಬದಿ ಹೂತರೆ ಸಾಕೇ? ನಮ್ಮ ಕುಡಿಯುವ ನೀರು ಸುರಂಗದ್ದು (ಗುಡ್ಡೆಗೆ ಅಡ್ಡ ಕೊರೆದದ್ದು). ಸೋಲಾರ್ ಬೇಲಿಯೂ ಹಾಕಿಸಬೇಕೆಂದಿದೆ.

ಅಡೂರು ಈಡುಗಾರ:

ಈಡಾದ ಕೂಡಲೇ ಇಳಿಯಬಾರದು. ಮೊದಲು ಮತ್ತೆ ತೋಟಾ ತುಂಬಿಸಿ, ಕಡೆಗೆ ಸದ್ದು ಕೇಳಿದ ದಿಕ್ಕು ನೆನಪಿಟ್ಟು ಅರ್ಧ ಗಂಟೆ ಕೂರಬೇಕು. ಆಮೇಲೆ ಈಡು ಬಿದ್ದ ಜಾಗಕ್ಕೆ ಹೋಗಿ ರಕ್ತ ನೋಡಿ. ನೊರೆ ಇರುವ ತಿಳಿ ಕೆಂಪು ಶ್ವಾಸಕೋಶದ್ದು, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪು ಕೆಂಪಾದರೆ ಪಿತ್ತಜನಕಾಂಗದ (ಲಿವರ್) ಕಡೆ, ಇನ್ನೊಂದು ಗಂಟೆ ಬಿಡಿ. ಹಸಿರು ಕಲಸಿ ನಾತ ಬಂದರೆ ಹೊಟ್ಟೆಗೆ ತಾಗಿದೆ, ಬೆಳಗಾಗುವವರೆಗೆ ಮುಟ್ಟಬೇಡಿ. ಬೆನ್ನಟ್ಟದಿದ್ದರೆ ಅದು ಹತ್ತಿರದ ಬಲ್ಲೆಯಲ್ಲೇ ಮಲಗುತ್ತದೆ, ಬೆನ್ನಟ್ಟಿದರೆ ಮೈಲಿ ಹೋಗುತ್ತದೆ, ಇಲ್ಲವೇ ತಿರುಗಿ ಬರುತ್ತದೆ. ರಕ್ತ ಕಂಡ ಕಡೆಯೆಲ್ಲ ಒಂದೊಂದು ಅಡಿಕೆ ಹಾಳೆ ತುಂಡು ಇಟ್ಟುಕೊಂಡು ಹೋಗಿ, ಜಾಡು ತಪ್ಪಿದರೆ ಕೊನೆಯ ಹಾಳೆಯಿಂದ ಮತ್ತೆ ಶುರು. ಜಾಡು ಹಿಡಿಯುವವನ ಹಿಂದೆ ಕೋವಿ ಹಿಡಿದವನು ನೇರ ಬರಬಾರದು, ಬದಿಗೆ ಇರಬೇಕು.

ಬಾಯಾರು ಬೇಲಿ:

ಸುರಂಗದ ಮೇಲ್ಭಾಗದ ಗುಡ್ಡೆಯಲ್ಲಿ ಖಂಡಿತ ಬೇಡ. ಮುರಕಲ್ಲಿನ ತೂತುಗಳಲ್ಲಿ ನೀರು ನೇರ ಇಳಿದು ಸುರಂಗಕ್ಕೇ ಬರುತ್ತದೆ. ಬೈಲಿನಲ್ಲೂ ಬೇಡ, ಮೂರು ಅಡಿಗೇ ಒರತೆ. ಸುರಂಗ, ಬಾವಿ ಎರಡಕ್ಕೂ ನೀರು ಹೋಗದ ಇಳಿಜಾರಿನಲ್ಲಿ 6 ಅಡಿ ಗುಂಡಿ, ತಳಕ್ಕೆ ಸುಣ್ಣ, ಮೇಲೆ ಸುಣ್ಣ, ಬ್ಲೀಚಿಂಗ್ ಪೌಡರ್, ಮತ್ತೆ ಮಣ್ಣು ತುಂಬಿ ಮೇಲೆ ಕಲ್ಲು. ಕಲ್ಲು ಇಡದಿದ್ದರೆ ನಾಯಿ, ನರಿ ತೆಗೆಯುತ್ತವೆ. ಕೈಯಲ್ಲಿ ಅಗೆಯುವ ಮಣ್ಣಲ್ಲ ನಮ್ಮದು, ಜೆಸಿಬಿಯವರಿಗೆ ಹಿಂದಿನ ದಿನವೇ ಹೇಳಿ ಗುಂಡಿ ತೆಗೆಸಿಡಿ. ಮಾಂಸ ಯಾರಿಗೂ ಇಲ್ಲ, ಸತ್ತ ಪ್ರಾಣಿ ಸರ್ಕಾರದ್ದು. ಈಡಿಲ್ಲದೆ ಸತ್ತುಬಿದ್ದ ಹಂದಿ ಕಂಡರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. 2022ರಲ್ಲಿ ವಯನಾಡಿನ ಸಾಕಣೆಗಳಿಗೆ ಆಫ್ರಿಕನ್ ಹಂದಿಜ್ವರ ಬಂದಿತ್ತು. ಮನುಷ್ಯರಿಗೆ ಬರದಿದ್ದರೂ ಚಪ್ಪಲಿ, ವಾಹನದ ಮೂಲಕ ಹಂದಿ ಸಾಕುವವರಲ್ಲಿಗೆ ಹೋಗುತ್ತದೆ.

ಬೇಲಿಗೆ ಕೆಳಗಿನ ತಂತಿ ನೆಲದಿಂದ 15ರಿಂದ 20 ಸೆಂಟಿಮೀಟರ್, ಮುಂದಿನದು 40, ಮೇಲಿನದು 70. ಹಂದಿಗೆ ಶಾಕ್ ತಾಗುವುದು ಮೂಗಿಗೆ, ಮೈಗೆ ತಾಗಿದರೆ ಕೂದಲೇ ತಡೆಯುತ್ತದೆ, ಹಾಗಾಗಿ ಕೆಳಗಿನದೇ ಮುಖ್ಯ. ಬೇಲಿಯ ತುದಿಯಲ್ಲಿ ಅಳೆದರೆ 5000 ವೋಲ್ಟ್‌ಗಿಂತ ಕೆಳಗೆ ಬರಬಾರದು. ಬಂದರೆ ಹತ್ತರಲ್ಲಿ ಒಂಬತ್ತು ಸಲ ಹುಲ್ಲು ತಾಗಿರುತ್ತದೆ, ಜೂನ್‌ನಿಂದ 15 ದಿನಕ್ಕೊಮ್ಮೆ ಅಡಿ ಸವರಲೇಬೇಕು. ಬೇಸಿಗೆಯಲ್ಲಿ ಕಡಿಮೆಯಾದರೆ ಅರ್ಥಿಂಗ್ ನೋಡಿ. ಒಣ ಮುರಕಲ್ಲಿನಲ್ಲಿ ಸರಳು ಹೊಡೆದರೆ ಪ್ರಯೋಜನವಿಲ್ಲ, ತೋಟದ ತೇವದ ಮಣ್ಣಿಗೆ 3 ಸರಳು, ಒಂದರಿಂದೊಂದು 3 ಮೀಟರ್ ದೂರಕ್ಕೆ. ಬಲ್ಲೆಗೂ ಬೇಲಿಗೂ ನಡುವೆ 10 ಮೀಟರ್ ಬಯಲು ಮಾಡಲು ಪಕ್ಕದವರು ಒಪ್ಪುತ್ತಾರಾ ಕೇಳಿ. ಒಪ್ಪದಿದ್ದರೆ ಪಂಚಾಯತ್ ಮೂಲಕ ಹೇಳಿಸಿ. ಹಂದಿಗೆ ಹಗಲು ಮಲಗಲು ಆ ಗುಡ್ಡೆ ಇರುವವರೆಗೆ ಪ್ರತಿ ವರ್ಷವೂ ಶೂಟರ್‌ನ ಕರೆಯಬೇಕಾಗುತ್ತದೆ.