ಹೆರಿಗೆ ರಜೆಯ ವೇತನ: ಮಾಲೀಕರು ರಾಜೀನಾಮೆ ಕೇಳಿದಾಗ (ವಕೀಲರೊಂದಿಗೆ ಪ್ರಶ್ನೋತ್ತರ)

ರಾಜಾಜಿನಗರದ ಸದಸ್ಯೆ: ನಮಸ್ಕಾರ ಮೇಡಂ. ಔಷಧ ವಿತರಣಾ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಟ್ಟು 34 ಜನ ಇದ್ದೇವೆ, ನನ್ನ ಸಂಬಳ 28,000 ರೂಪಾಯಿ. ನನಗೀಗ ಏಳು ತಿಂಗಳು, ಮೊದಲ ಹೆರಿಗೆ. ರಜೆ ಕೇಳಿದಾಗ ಎಚ್.ಆರ್. ಅವರು, "ಈಗ ರಾಜೀನಾಮೆ ಕೊಡಿ, ಮಗುವಾದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತೇವೆ" ಎಂದು ಹೇಳಿ, ದಿನಾಂಕವಿಲ್ಲದ ಪತ್ರವೊಂದನ್ನು ಸಹಿಗೆ ಕೊಟ್ಟಿದ್ದಾರೆ. ಸೋಮವಾರ ಹಿಂತಿರುಗಿಸಬೇಕು. ಜಗಳ ಬೇಡ, ಸಹಿ ಹಾಕಿಬಿಡು ಎಂದು ಅತ್ತೆಯವರೂ ಹೇಳುತ್ತಿದ್ದಾರೆ.

ವಕೀಲರು: ಸಹಿ ಹಾಕಬೇಡಿ. ಇಂದಿನ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಗಂಭೀರ ದುರ್ನಡತೆಯ ಪ್ರಸಂಗವನ್ನು ಬಿಟ್ಟರೆ, ಗರ್ಭಿಣಿಯನ್ನು ಮಾಲೀಕರೇ ಕೆಲಸದಿಂದ ತೆಗೆದರೂ ಹೆರಿಗೆ ಸೌಲಭ್ಯದ ಮೇಲಿನ ಅವಳ ಹಕ್ಕು ಅಳಿಯುವುದಿಲ್ಲ. ಹೆರಿಗೆ ರಜೆಯಲ್ಲಿರುವಾಗ ತೆಗೆಯುವುದಂತೂ ಕಾನೂನುಬಾಹಿರ. ಹೀಗಿರುವಾಗ ಹಣ ಕೊಡದೆ ಪಾರಾಗಬೇಕಾದರೆ ನೀವೇ ಬಿಟ್ಟುಹೋದಿರಿ ಎಂದು ಕಾಗದದಲ್ಲಿ ತೋರಿಸುವುದು ಅವರಿಗೆ ಸುಲಭದ ದಾರಿ. ಆ ಪತ್ರ ಬೇಕಾಗಿರುವುದು ಅದಕ್ಕೆ. ದಿನಾಂಕ ಖಾಲಿ ಬಿಟ್ಟಿದ್ದಾರೆಂದರೆ, ತಮಗೆ ಅನುಕೂಲವಾದ ದಿನಾಂಕವನ್ನು ಮುಂದೆ ತಾವೇ ತುಂಬಿಕೊಳ್ಳಬಹುದು. ಮತ್ತೆ ಸೇರಿಸಿಕೊಳ್ಳುತ್ತೇವೆ ಎಂಬ ಮಾತು ಆ ಪತ್ರದಲ್ಲಿ ಇದೆಯೇ, ನೋಡಿ.

ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ನೀವು ಅರ್ಹರು. 26 ವಾರಗಳ ರಜೆಯಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಲೆಕ್ಕದಲ್ಲಿ ವೇತನ ಬರಬೇಕು. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲಿಯೇ ತೀರ್ಮಾನಿಸಿರುವುದರಿಂದ 182 ದಿನಗಳ ಹಣ ನಿಮ್ಮದು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಗಳೊಳಗೆ ಪಾವತಿಸಬೇಕು. ಸಂಸ್ಥೆ ಉಚಿತ ವೈದ್ಯಕೀಯ ಆರೈಕೆ ಒದಗಿಸದಿದ್ದರೆ 3,500 ರೂಪಾಯಿ ಪ್ರತ್ಯೇಕ.

ಸೋಮವಾರ ಬೆಳಗ್ಗೆ ಆ ಪತ್ರಕ್ಕೆ ಬದಲಾಗಿ ನಿಮ್ಮದೇ ಪತ್ರವನ್ನು ಕೊಡಿ. ರಜೆ ಆರಂಭವಾಗುವ ದಿನಾಂಕ, ಹಣ ಯಾರಿಗೆ ಸಲ್ಲಬೇಕು, ರಜೆಯ ಅವಧಿಯಲ್ಲಿ ಬೇರೆಡೆ ದುಡಿಯುವುದಿಲ್ಲ ಎಂಬ ಮೂರನ್ನೂ ಬರೆದು, ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿ. ಇಮೇಲ್‌ನಲ್ಲಿಯೂ ಕಳುಹಿಸಿ, ನೋಂದಣಿಯೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿಯೂ ಕಳುಹಿಸಿ. ಅವರು ಕೊಟ್ಟ ಪತ್ರದ ಫೋಟೋ, ಸಂಬಳದ ಚೀಟಿಗಳು, ಹಾಜರಾತಿ ದಾಖಲೆ ಎಲ್ಲವೂ ಇಂದೇ ನಿಮ್ಮ ಕೈಯಲ್ಲಿರಲಿ; ಕಚೇರಿಯ ಇಮೇಲ್ ಯಾವ ದಿನ ಬೇಕಾದರೂ ಬಂದ್ ಆಗಬಹುದು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಇದು ಜಗಳವಲ್ಲ, ಮಗುವಿಗೆ ಸೇರಬೇಕಾದ ಆರು ತಿಂಗಳ ಸಂಬಳ.

ಸದಸ್ಯೆ 2: ನಾನು ಸೇರಿ ಐದು ತಿಂಗಳಾಗಿದೆ, ಇನ್ನೂ ಪ್ರೊಬೇಷನ್‌ನಲ್ಲಿದ್ದೇನೆ. ನನಗೆ ಸಿಗುವುದೇ?

ವಕೀಲರು: 80 ದಿನ ಆಗಿದ್ದರೆ ಸಿಗುತ್ತದೆ.

ಸದಸ್ಯೆ 3: ಮೇಡಂ, ಒಟ್ಟು ಸಂಬಳದಲ್ಲಿ ಮೂಲವೇತನವನ್ನು ಮಾತ್ರ ಕೊಡುತ್ತೇವೆ ಎನ್ನುತ್ತಿದ್ದಾರೆ. ಇದು ಸರಿಯೇ?

ಸದಸ್ಯ 4: ನಮ್ಮ ಕುಟುಂಬದ ಗುಂಪಿನಲ್ಲಿ ಬಂದ ಸಂದೇಶ: "ರಾಜೀನಾಮೆಗೆ ಸಹಿ ಹಾಕಿ, ಕೆಳಗೆ ಚಿಕ್ಕದಾಗಿ 'ಒತ್ತಡದಿಂದ' ಎಂದು ಬರೆದರೆ ಅದು ತಾನಾಗಿ ರದ್ದಾಗುತ್ತದೆ. ಹೊಸ ಸಂಹಿತೆಯಲ್ಲಿ ರಜೆ ಒಂದು ವರ್ಷ."

ವಕೀಲರು: ಎರಡೂ ಸುಳ್ಳು. ಹಾಗೆ ಬರೆದ ಮಾತ್ರಕ್ಕೆ ಯಾವ ಸಹಿಯೂ ತಾನಾಗಿ ರದ್ದಾಗುವುದಿಲ್ಲ. ಒತ್ತಡವಿತ್ತೆಂದು ಸಾಬೀತುಪಡಿಸುವ ಹೊರೆ ಆಮೇಲೆ ಬಾಣಂತಿಯ ತಲೆಗೇ ಬರುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು 1961ರ ಹೆರಿಗೆ ಸೌಲಭ್ಯ ಕಾಯಿದೆಯ ಜಾಗದಲ್ಲಿ ನಿಂತಿದೆ, ಆದರೆ 26 ವಾರವೂ 80 ದಿನವೂ ಹಾಗೆಯೇ ಉಳಿದಿವೆ. ಏಳು ತಿಂಗಳ ಗರ್ಭಿಣಿ ಸಹಿ ಹಾಕಲೋ ಬೇಡವೋ ಎಂದು ಕೇಳುತ್ತಿರುವ ಜಾಗದಲ್ಲಿ ಇಂಥ ಸಂದೇಶವನ್ನು ಹಾಕಬೇಡಿ.

ಸದಸ್ಯ 5 (ಸಣ್ಣ ಉದ್ಯಮಿ): ನನ್ನ ಬಳಿ 12 ಜನರಿದ್ದಾರೆ. ಆರು ತಿಂಗಳು ಕೆಲಸವಿಲ್ಲದೆ ಸಂಬಳ ಕೊಟ್ಟು, ಬದಲಿಗೆ ಬಂದವರಿಗೂ ಕೊಡಬೇಕೆಂದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ. ಸರ್ಕಾರ ಒಂದು ರೂಪಾಯಿ ಕೊಡುವುದಿಲ್ಲ. ಕೊನೆಗೆ ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳದ ಸ್ಥಿತಿ ಬರುತ್ತದೆ.

ಸದಸ್ಯೆ 6: ಹೆದರಿಸುತ್ತಿದ್ದೀರಾ? ನಿಮ್ಮ ತಾಯಿ ಹೆತ್ತ ಮೂರನೆಯ ದಿನ ಕೆಲಸಕ್ಕೆ ಹೋಗಿದ್ದರೇ?

ಸದಸ್ಯ 5: ನನ್ನ ತಾಯಿಯನ್ನು ಇಲ್ಲಿಗೆ ಎಳೆಯಬೇಡಿ. ತಿಂಗಳ ಕೊನೆಗೆ ಸಂಬಳ ಹೊಂದಿಸುವ ಕಷ್ಟ ನಿಮಗೆ ಗೊತ್ತಿಲ್ಲ.

ಸದಸ್ಯೆ 6: ಆರು ತಿಂಗಳು ಸಂಬಳವಿಲ್ಲದೆ ಮಗು ಸಾಕುವ ಕಷ್ಟ ನಿಮಗೆ ಗೊತ್ತಿದೆಯೇ?

ವಕೀಲರು: ಇಬ್ಬರೂ ನಿಲ್ಲಿಸಿ. ಪೂರ್ತಿ ಹೊರೆಯನ್ನು ಮಾಲೀಕರ ಮೇಲೆ ಹಾಕಿರುವುದು ಸರಿಯಲ್ಲ ಎಂಬ ಉದ್ಯಮಿಯ ದೂರಿನಲ್ಲಿ ನ್ಯಾಯವಿದೆ, ಆದರೆ ಅದನ್ನು ಸರ್ಕಾರದ ಮುಂದೆ ಇಡಬೇಕೇ ಹೊರತು ಗರ್ಭಿಣಿಯ ಸಂಬಳದಲ್ಲಿ ಕಳೆಯಬಾರದು. ಅಲ್ಲದೆ 10 ಅಥವಾ ಹೆಚ್ಚು ಜನರಿರುವಲ್ಲಿ, 21,000 ರೂಪಾಯಿವರೆಗೆ ಸಂಬಳವಿರುವವರನ್ನು ಇ.ಎಸ್.ಐ.ಗೆ (ನೌಕರರ ರಾಜ್ಯ ವಿಮೆಗೆ) ಸೇರಿಸಬೇಕು. ವೇತನದ ಶೇ 3.25 ನೀವು, ಶೇ 0.75 ಅವರು ಕಟ್ಟಿದರೆ ಹೆರಿಗೆಯ ಹಣವನ್ನು ಇ.ಎಸ್.ಐ. ನಿಗಮವೇ ಕೊಡುತ್ತದೆ. ನಿಮ್ಮ 12 ಜನರಲ್ಲಿ ಎಷ್ಟು ಮಂದಿಯನ್ನು ಸೇರಿಸಿದ್ದೀರಿ?

ಸದಸ್ಯೆ 7: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಇ.ಎಸ್.ಐ. ಕಡಿತವಾಗುತ್ತಿದೆ. ಕಂಪನಿ ಹಣ ಕೊಡುವುದಿಲ್ಲ ಎಂದು ಸೂಪರ್‌ವೈಸರ್ ಹೇಳುತ್ತಾರೆ.

ವಕೀಲರು: ಕಂಪನಿಯಲ್ಲ, ಇ.ಎಸ್.ಐ. ಕೊಡುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ತಲಾ ಆರು ತಿಂಗಳು) ಒಟ್ಟು 70 ದಿನಗಳ ವಂತಿಗೆ ಇದ್ದರೆ ಸಾಕು. ವೈದ್ಯರ ಪ್ರಮಾಣಪತ್ರದೊಂದಿಗೆ ಶಾಖಾ ಕಚೇರಿಗೆ ಹೋಗಿ.

ಸದಸ್ಯೆ 8: ಸೇರಿ ನಾಲ್ಕು ತಿಂಗಳಾಯಿತು, ಗುತ್ತಿಗೆಯ ಮೇಲಿದ್ದೇನೆ. ಅರ್ಹಳೇ?

ವಕೀಲರು: 80 ದಿನ. ಮೇಲೆ ಓದಿ.

ಸದಸ್ಯೆ 8: ಗುತ್ತಿಗೆಯವರಿಗೂ ಎಂದು ಮೇಲೆ ಎಲ್ಲಿಯೂ ಬರೆದಿಲ್ಲವಲ್ಲ ಮೇಡಂ.

ವಕೀಲರು: ಸರಿ, ಬರೆದಿರಲಿಲ್ಲ. ಗುತ್ತಿಗೆಯವರಿಗೂ ಅನ್ವಯಿಸುತ್ತದೆ. ನಡುವೆ ಗುತ್ತಿಗೆ ಮುಗಿದರೂ ಸೌಲಭ್ಯ ಮೊಟಕಾಗುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸದಸ್ಯ 4: ರಜೆಯಲ್ಲಿರುವಾಗ ಬೇರೆ ಕಂಪನಿಗೆ ಮನೆಯಿಂದ ಕೆಲಸ ಮಾಡಿ ಎರಡು ಸಂಬಳ ಪಡೆಯಬಹುದು ಎಂದೂ ಆ ಸಂದೇಶದಲ್ಲಿದೆ.

ವಕೀಲರು: ಹಾಗೆ ದುಡಿದರೆ ಆ ಅವಧಿಯ ಹಕ್ಕೇ ಹೋಗುತ್ತದೆ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ರಾಜಾಜಿನಗರದ ಸದಸ್ಯೆ: ಮೇಡಂ, ಇಂದು ಪತ್ರ ಕೊಟ್ಟೆ. ಎಚ್.ಆರ್. ಸ್ವೀಕರಿಸಲಿಲ್ಲ, ನಾಳೆಯಿಂದ ಬರಬೇಡಿ ಎಂದರು. ಬರೆದು ಕೊಡಿ ಎಂದರೆ ಕೊಡಲಿಲ್ಲ. ಅಂಚೆಯಲ್ಲಿ ಕಳುಹಿಸಿದ ರಸೀದಿ ಇದೆ.

ವಕೀಲರು: ಸಹಿ ಹಾಕದೆ ಬಂದಿರಲ್ಲ, ಒಳ್ಳೆಯದಾಯಿತು. ಅವರು ಆಡಿದ ಮಾತುಗಳನ್ನು ದಿನಾಂಕ, ಸಮಯದೊಂದಿಗೆ ಬರೆದು ಈ ರಾತ್ರಿಯೇ ಅವರಿಗೆ ಇಮೇಲ್ ಮಾಡಿ. ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ ಎಂದೂ ಸೇರಿಸಿ, ಇಲ್ಲದಿದ್ದರೆ ನೀವೇ ಗೈರಾದಿರಿ ಎನ್ನುತ್ತಾರೆ. ಅನಂತರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿಗೆ ಲಿಖಿತ ದೂರು ಕೊಡಿ. ತೆಗೆದ ಆದೇಶ ನಿಮಗೆ ತಲುಪಿದ ದಿನದಿಂದ ಮೇಲ್ಮನವಿಗೆ 60 ದಿನಗಳಿರುತ್ತವೆ, ಅಷ್ಟು ಕಾಯಬೇಡಿ. ಒಬ್ಬರೇ ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ.

ರಾಜಾಜಿನಗರದ ಸದಸ್ಯೆ: ಅತ್ತೆಯವರೇ ಬರುತ್ತೇನೆ ಎಂದಿದ್ದಾರೆ.

ಸದಸ್ಯೆ 3: ಮೂಲವೇತನದ ಬಗ್ಗೆ ಕೇಳಿ ಎರಡು ದಿನವಾಯಿತು. ಉತ್ತರವಿಲ್ಲ.