ಸಹಾಯ ಬೇಕು: ಕಾರಿಗೆ ತಾನಾಗಿಯೇ ಸೇರಿಕೊಳ್ಳುವ ಬ್ಲೂಟೂತ್ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯ ಅಂಗಳದಲ್ಲಿ ನಾನು ಹುಬ್ಬಳ್ಳಿಗೆ ಹೊರಡಲು ಕಾರು ಚಾಲೂ ಮಾಡಿದ ಕೂಡಲೇ, ಒಳಗೆ ಹೆಡ್‌ಸೆಟ್ ಹಾಕಿಕೊಂಡು ಮಾತನಾಡುತ್ತಿರುವ ನನ್ನ ಹೆಂಡತಿಯ ಕರೆ ಕಾರಿನ ಸ್ಪೀಕರಿಗೆ ಬಂದುಬಿಡುತ್ತದೆ. ಆಕೆಗೆ ಏನೂ ಕೇಳದಂತಾಗಿ, ಅತ್ತೆಯವರ ಮನೆವಾರ್ತೆಯೆಲ್ಲ ನನ್ನ ಕಿವಿಗೆ ಬೀಳುತ್ತದೆ. ಇಬ್ಬರ ಆಂಡ್ರಾಯ್ಡ್ ಫೋನುಗಳೂ ಕಾರಿಗೆ ಜೋಡಣೆಯಾಗಿವೆ. ಆಕೆಯ ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಕಾರಿನ ಹೆಸರನ್ನು ತೆರೆದು ‘ಫೋನ್ ಕರೆಗಳು’ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆಯಾದರೂ, ಆಕೆಯೇ ಕಾರು ಓಡಿಸುವ ದಿನ ಅದನ್ನು ಮತ್ತೆ ಆನ್ ಮಾಡಬೇಕಾಗುತ್ತದೆ. ಜೋಡಣೆಯನ್ನೇ ಅಳಿಸಿಹಾಕುವುದು ನನ್ನ ದೃಷ್ಟಿಯಲ್ಲಿ ಪರಿಹಾರವಲ್ಲ. ಜೋಡಣೆಯನ್ನು ಉಳಿಸಿಕೊಂಡೇ, ನಾವು ಒತ್ತಿದಾಗ ಮಾತ್ರ ಸಂಪರ್ಕವಾಗುವಂತೆ ಮಾಡುವ ಸೆಟ್ಟಿಂಗ್ ಅಥವಾ ನಂಬಬಹುದಾದ ಆ್ಯಪ್ ಬಳಸಿ ನೋಡಿದವರಿದ್ದರೆ, ಫೋನಿನ ಆಂಡ್ರಾಯ್ಡ್ ಆವೃತ್ತಿಯ ಸಹಿತ ದಯವಿಟ್ಟು ತಿಳಿಸಬೇಕೆಂದು ವಿನಂತಿ.